ಹಗೇವಿನ ಬಾಯಿ

"ಹಳೇ ಹುಲ್ಲು ಗಿಲ್ಲು ಕೆದಕಿದ್ರಾ ಅಂತ ಆಸ್ಪತ್ರೇಲಿ ಕೇಳ್ತಾವ್ರೆ," ಅಂಬರೀಶ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ.

"ಇಲ್ಲ."

"ತಿಪ್ಪೆಗುಂಡಿ?"

"ಅದನ್ನ ನೀನೇ ಮುಚ್ಚಿಸಿ ಆರು ತಿಂಗಳಾಯ್ತಲ್ಲ."

"ಗೋಡೆ ಕೆಡವೋದು, ಮಣ್ಣು ಅಗಿಯೋದು, ಹಳೇ ಮೂಟೆ ಬಿಚ್ಚೋದು, ಇಂಥದ್ದೇನಾರ? ನೆಪ್ಪು ಮಾಡ್ಕೊಂಡು ಹೇಳಪ್ಪ. ಪ್ರಮೋದಂಗೆ ಏನೂ ಹೊಳೀತಿಲ್ಲ. ಡಾಕ್ಟ್ರು ಎರಡು ಸಲ ಕೇಳಿದ್ರಂತೆ."

"ಇಲ್ಲ ಕಣಪ್ಪ. ಅಂಥದ್ದೇನೂ ಇಲ್ಲ."

ಇಷ್ಟು ಹೇಳುವಾಗ ಮುನಿರಾಮಯ್ಯ ಕೂತಿದ್ದುದು ಹಗೇವಿನ ಚಪ್ಪಡಿಯ ಮೇಲೆಯೇ. ಸುಳ್ಳು ಹೇಳುವವನು ಕೊನೇ ಪಕ್ಷ ಎದ್ದು ಬೇರೆ ಕಡೆ ನಿಲ್ಲುತ್ತಾನೆ. ಈ ಮುದುಕನಿಗೆ ಅಷ್ಟೂ ತೋಚಲಿಲ್ಲ. ಎಪ್ಪತ್ತೆರಡು ವರ್ಷ ಸುಳ್ಳು ಹೇಳಿ ರೂಢಿಯಿಲ್ಲದವನಿಗೆ ಅದರ ಪಟ್ಟುಗಳು ಎಲ್ಲಿಂದ ಗೊತ್ತಿರಬೇಕು? ಮಗ ಒಂದು ಸಲ ಸರಿಯಾಗಿ ಮುಖ ನೋಡಿದ್ದರೆ ಸಾಕಿತ್ತು, ಎಲ್ಲ ಹೊರಗೆ ಬಂದುಬಿಡುತ್ತಿತ್ತು.

ಆದರೆ ಅಂಬರೀಶನಿಗೆ ಅಪ್ಪನ ಮುಖ ನೋಡುವಷ್ಟು ಪುರುಸೊತ್ತು ಇರಲಿಲ್ಲ. ನಾಲ್ಕು ದಿನದಿಂದ ಅವನು ಏರ್‌ಪೋರ್ಟಿನ ಕಾರ್ಗೋ ಕೆಲಸ, ಬೆಂಗಳೂರಿನ ಆಸ್ಪತ್ರೆ, ನಲ್ಲೂರಿನ ಮನೆ ಎಂದು ಮೂರು ಕಡೆ ಸುತ್ತಿ ಸೊರಗಿಹೋಗಿದ್ದ. ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿದ ಮಗಳ ಬಟ್ಟೆಯ ಚೀಲವನ್ನು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡ. "ಜ್ವರ ಇಳೀತಾನೇ ಇಲ್ಲ. ಒಂದು ಔಷ್ದಿ ಬುಟ್ಟು ಇನ್ನೊಂದು ಕೊಟ್ರೂ ಅಷ್ಟೇ. ಎಲ್ಲಿಂದ ಅಂಟ್ತು ಅಂತ ಗೊತ್ತಾದ್ರೆ ದಾರಿ ಸಿಕ್ತದೆ ಅಂತಾರೆ," ಎಂದವನೇ ಗೇಟು ದಾಟಿ ಹೋದ. ಬೈಕಿನ ಸದ್ದು ಹುಣಸೆ ತೋಪಿನ ಕಡೆಗೆ ಹೋಗಿ ಕರಗಿತು.

ಮುನಿರಾಮಯ್ಯ ಅಲ್ಲೇ ಕೂತಿದ್ದ. ಚಪ್ಪಡಿ ಬೆಳಗಿನ ಬಿಸಿಲಿಗೆ ಕಾಯತೊಡಗಿತ್ತು.

ಮೊಮ್ಮಗಳು ಸಂಘಮಿತ್ರ ಊರಿಗೆಲ್ಲ ಮಿತ್ರ, ತಾತನಿಗೆ ಮಾತ್ರ ಮಿತ್ರವ್ವ. ಏಳು ವರ್ಷ. ಹೋದ ದಸರೆಯ ಹೊತ್ತಿಗೆ ಕಾಲು ನೋವು ಎಂದು ಅಳುತ್ತಿದ್ದಳು. ಆಮೇಲೆ ಮೈಮೇಲೆ ಅಲ್ಲಲ್ಲಿ ನೀಲಿ ಕಲೆಗಳು ಎದ್ದವು. ದೇವನಹಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿದವರು ನೇರ ಬೆಂಗಳೂರಿಗೆ ಕಳಿಸಿದರು. ರಕ್ತದ ಕ್ಯಾನ್ಸರ್ ಎಂದರು. ಈ ನಮೂನೆಯದು ಮಕ್ಕಳಲ್ಲಿ ಬಹಳಷ್ಟು ಸಲ ವಾಸಿಯಾಗುತ್ತದೆ, ಆದರೆ ಔಷಧಿ ಕೆಟ್ಟ ಕಣದ ಜೊತೆಗೆ ಒಳ್ಳೆಯ ಕಣವನ್ನೂ ಕೊಲ್ಲುತ್ತದೆ, ಆಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ, ಹುಷಾರಾಗಿರಬೇಕು ಎಂದೂ ಹೇಳಿದರು. ಹುಷಾರಾಗಿರುವುದು ಹೇಗೆ ಎಂಬುದನ್ನು ಸೊಸೆ ಪ್ರಮೋದಾ ಒಂದು ಹಾಳೆಯಲ್ಲಿ ದುಂಡಗೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಳು. ಹಸಿ ಸೊಪ್ಪು ಬೇಡ. ಹೂವು ಬೇಡ. ಮಣ್ಣಲ್ಲಿ ಆಟ ಬೇಡ. ದನದ ಹತ್ತಿರ ಬೇಡ. ಬಾಗಿಲಾಚೆ ಮಾಸ್ಕ್ ಇಲ್ಲದೆ ಬೇಡವೇ ಬೇಡ. ಮುನಿರಾಮಯ್ಯ ಆ ಹಾಳೆಯನ್ನು ದಿನಕ್ಕೆರಡು ಸಲ ಕನ್ನಡಕ ಹಾಕಿಕೊಂಡು ಓದುತ್ತಿದ್ದ. ಎರಡು ಹಸುಗಳನ್ನು ಬೂದಿಗೆರೆಯ ನೆಂಟರ ಮನೆಗೆ ಹೊಡೆಸಿದವನೂ ಅವನೇ, ದಿನಾ ದೇವರಿಗೆ ಮುಡಿಸುತ್ತಿದ್ದ ಕಣಗಿಲೆ ಗಿಡವನ್ನು ಬುಡಸಮೇತ ಕಿತ್ತವನೂ ಅವನೇ. ಪಟ್ಟಿಯಲ್ಲಿ ಹಗೇವಿನ ಹೆಸರು ಇರಲಿಲ್ಲ. ಹಗೇವು ಎಂದರೆ ಏನೆಂದು ಆಸ್ಪತ್ರೆಯವರಿಗೆ ಗೊತ್ತಿದ್ದರೆ ತಾನೇ?

ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹಾಗೆ ಅಗಲ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ಮುನಿರಾಮಯ್ಯನ ಅಂಗಳದ ಹಗೇವು ಅವನ ಮುತ್ತಾತ ತೋಡಿಸಿದ್ದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಡೀ ಬೀದಿ ಅದರ ಅನ್ನ ತಿಂದಿತ್ತು. ಅದರ ಬಾಯಿ ತೆಗೆಯುವ ದಿನವೆಂದರೆ ಹಬ್ಬವೇ. ಹೆಂಗಸರು ಮೊರ, ಕುಕ್ಕೆ ಹಿಡಿದು ಬಂದು ಜಗುಲಿಯುದ್ದಕ್ಕೂ ಕೂರುತ್ತಿದ್ದರು. ಹಿಂದಿನ ದಿನವೇ ಚಪ್ಪಡಿ ಸರಿಸಿ ಕೆಟ್ಟ ಗಾಳಿ ಹೋಗಲು ಬಿಡಬೇಕು. ಬೆಳಗ್ಗೆ ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಬಿಡಬೇಕು. ದೀಪ ಆರಿದರೆ ಆ ದಿನ ಯಾರೂ ಇಳಿಯುವ ಹಾಗಿಲ್ಲ. ಆರದೆ ಉರಿದರೆ ಕಂಕುಳಿಗೆ ಹಗ್ಗ ಕಟ್ಟಿ ಒಬ್ಬನನ್ನು ಇಳಿಸುತ್ತಿದ್ದರು. ಎಂಟನೇ ವಯಸ್ಸಿನಿಂದ ಹಾಗೆ ಇಳಿಯುತ್ತಿದ್ದವನು ಮುನಿರಾಮಯ್ಯ.

ಒಳಗೆ ಇಳಿದವನು ಸುಮ್ಮನಿರುವಂತಿಲ್ಲ ಎಂಬುದು ಹಗೇವಿನ ಕಟ್ಟಳೆ. ಮೇಲಿನಿಂದ ಅಪ್ಪ, "ಮುನಿರಾಮಾ," ಎಂದು ಕೂಗುತ್ತಾನೆ. ಕೆಳಗಿನಿಂದ, "ಓ," ಎನ್ನಬೇಕು. ಐದು ಮೊರ ತುಂಬುವುದರೊಳಗೆ ಮತ್ತೆ, "ಮುನಿರಾಮಾ." ಮತ್ತೆ, "ಓ." ಒಂದು ಸಲ ಓ ಬರಲಿಲ್ಲವೆಂದರೆ ಕೇಳುವುದು ಹೇಳುವುದು ಏನಿಲ್ಲ, ಹಗ್ಗ ಎಳೆದುಬಿಡುವುದೇ. ಒಳಗಿನ ಕಾವು, ಹಳೇ ರಾಗಿಯ ಹುಳಿ ಬೆರೆತ ಸಿಹಿ ವಾಸನೆ, ತಲೆಯ ಮೇಲೆ ತಟ್ಟೆಯಷ್ಟಗಲ ಆಕಾಶ, ಅದರ ಅಂಚಿನಲ್ಲಿ ಅಪ್ಪನ ಮುಖ, ಇವನ್ನು ನೆನೆದರೆ ಈಗಲೂ ಮುನಿರಾಮಯ್ಯನಿಗೆ ಎದೆ ತುಂಬಿ ಬರುತ್ತಿತ್ತು.

ಮದುವೆಯಾದ ವರ್ಷ ಹಗ್ಗ ಹಿಡಿಯುವ ಕೆಲಸ ಹೆಂಡತಿ ಅನುಸೂಯಮ್ಮನ ಪಾಲಿಗೆ ಬಂತು. ಗಂಡನ ಹೆಸರು ಕೂಗುವುದು ಹೇಗೆ? ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು, "ಇದ್ದೀರಾ?" ಎನ್ನುತ್ತಿದ್ದಳು. ಜಗುಲಿಯ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಮುನಿರಾಮಯ್ಯ ಆ ವಯಸ್ಸಿನ ಹುಡುಗಾಟಕ್ಕೆ ಒಂದು ಸಲ ಬೇಕೆಂದೇ ಓ ಎನ್ನದೆ ನಿಂತ. ಅವಳು ಚೀರಿದ ಚೀರಿಗೆ ತೋಪಿನಲ್ಲಿ ಹುಣಸೆ ಆಯುತ್ತಿದ್ದವರೂ ಓಡಿ ಬಂದರು. ಅಂಗೈ ಸುಲಿದುಕೊಂಡು ಹಗ್ಗ ಎಳೆದ ಅನುಸೂಯಮ್ಮ ಅವನು ಹಲ್ಲು ಕಿರಿಯುತ್ತ ಮೇಲೆ ಬಂದಿದ್ದು ನೋಡಿ ಮೂರು ದಿನ ಮಾತು ಬಿಟ್ಟಳು. ಅವಳು ತೀರಿಕೊಂಡು ಈಗ ಒಂಬತ್ತು ವರ್ಷ. ಹಗೇವಿನಲ್ಲಿ ರಾಗಿ ತುಂಬುವುದು ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು.

ಈ ಕಥೆಗಳನ್ನೆಲ್ಲ ಮುನಿರಾಮಯ್ಯ ಆಸ್ಪತ್ರೆಯ ಮಂಚದ ಪಕ್ಕ ಕೂತು ಮಿತ್ರಳಿಗೆ ಹೇಳಿದ್ದ. ಕೈಗೆ ಸೂಜಿ ಚುಚ್ಚುವಾಗ ಹೇಳಿದ್ದ, ವಾಂತಿ ನಿಲ್ಲದ ದಿನಗಳಲ್ಲಿ ಹೇಳಿದ್ದ. ಅವಳಿಗೆ ರಾಜ ರಾಣಿ ಬೇಡ, ಮೊಬೈಲಿನ ಬೊಂಬೆಗಳೂ ಬೇಡ, ಹಗೇವು ಬೇಕು. ಕಣ್ಣು ಮುಚ್ಚಿ ಮಲಗಿದ್ದಾಗ ತಾತ ಮೆಲ್ಲಗೆ, "ಮಿತ್ರವ್ವಾ," ಎಂದರೆ, ಬಾಯಿ ಹುಣ್ಣಾಗಿದ್ದರೂ ಅವಳು, "ಓ," ಎನ್ನುತ್ತಿದ್ದಳು. ಅದು ಅವರಿಬ್ಬರ ಆಟ. ವಾರ್ಡಿನ ನರ್ಸ್ ಮಮತ ಕೂಡ ಅದನ್ನು ಕಲಿತುಬಿಟ್ಟಿದ್ದಳು.

ಅಂಗಳದ ಧೂಳು ಮಗುವಿಗೆ ಆಗುವುದಿಲ್ಲವೆಂದು ಸಿಮೆಂಟು ಹಾಕಿಸಬೇಕೆಂದುಕೊಂಡವನು ಅಂಬರೀಶ. ಮುಂದಿನ ಸಲ ಮಗು ಆಸ್ಪತ್ರೆಗೆ ಸೇರಿದಾಗ, ಅವಳು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ, ಹಗೇವಿಗೆ ಮಣ್ಣು ತುಂಬಿಸಿ ಮೇಲೆ ಕಾಂಕ್ರೀಟು ಎಳೆಸುವುದು ಎಂದು ಮಾತಾಗಿತ್ತು. ಮುನಿರಾಮಯ್ಯ ತಕರಾರು ಮಾಡಲಿಲ್ಲ. ಮಗುವಿಗಿಂತ ಹಗೇವು ಹೆಚ್ಚೇ? ಆದರೆ ಮುಚ್ಚುವ ಮುಂಚೆ ಒಂದು ಸಲ, ಒಂದೇ ಒಂದು ಸಲ ಅದರ ಬಾಯಿ ತೆಗೆದು ನೋಡಬೇಕೆಂಬ ಆಸೆ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮಿತ್ರ ಆ ಆಸೆಯನ್ನು ಹೊರಗೆಳೆದಳು.

"ಮುಚ್ಚಿಬಿಟ್ರೆ ನಾನು ನೋಡೋದು ಯಾವಾಗ ತಾತ?"

ಹನ್ನೆರಡು ದಿನದ ಹಿಂದಿನ ಶನಿವಾರ ಅದು. ಪ್ರಮೋದಾ ಮಗಳ ರಕ್ತದ ರಿಪೋರ್ಟ್ ತರಲು ದೇವನಹಳ್ಳಿಗೆ ಹೊರಟಿದ್ದಳು. ಅಂಬರೀಶನಿಗೆ ಹಗಲು ಪಾಳಿ. ಮುನಿರಾಮಯ್ಯ ಬೆಳಕು ಹರಿಯುವ ಮೊದಲೇ ಎದ್ದು, ಹಾರೆ ಮೀಟಿ ಚಪ್ಪಡಿಯನ್ನು ಗೇಣುದ್ದ ಸರಿಸಿಟ್ಟಿದ್ದ. ಸೊಸೆಯ ಬಸ್ಸು ಹೋದ ಮೇಲೆ ಪೂರ್ತಿ ಸರಿಸಿದ. ಅಟ್ಟದ ಲಾಟೀನು ಒರೆಸಿ, ಹಚ್ಚಿ, ಹಗ್ಗದಲ್ಲಿ ಇಳಿಬಿಟ್ಟ. ಮಿತ್ರ ಜಗುಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಕೂದಲಿಲ್ಲದ ತಲೆಗೆ ಹಳದಿ ಟೋಪಿ, ಮೂತಿಗೆ ಮಾಸ್ಕ್, ಕಾಲಿಗೆ ಸಾಕ್ಸ್.

"ಅಲ್ಲೇ ಇರವ್ವಾ. ಹತ್ತಿರ ಬರಬ್ಯಾಡ. ಕೆಟ್ಟ ಗಾಳಿ ಇರ್ತದೆ."

"ದೀಪ ಆರೋಯ್ತಾ?"

"ಇಲ್ಲ, ಉರೀತಾ ಅದೆ."

"ಹಂಗಾದ್ರೆ ಬರಬಹುದಲ್ಲ?"

ಬರಬಹುದಿತ್ತು. ದೀಪ ಉರಿದರೆ ಬರಬಹುದು ಎಂದು ಆರು ತಿಂಗಳಿಂದ ಅವನೇ ಹೇಳಿಕೊಟ್ಟಿದ್ದ. ಅವಳು ಬಂದು ಬಾಯಿಯಿಂದ ಎರಡು ಮಾರು ಆಚೆ ನಿಂತಳು. ಬಿದ್ದುಗಿದ್ದಾಳೆಂದು ಮುನಿರಾಮಯ್ಯ ಅವಳ ಸೊಂಟಕ್ಕೆ ಒಂದು ಪಂಚೆ ಕಟ್ಟಿ ಅದರ ತುದಿಯನ್ನು ಜಗುಲಿಯ ಕಂಬಕ್ಕೆ ಬಿಗಿದ. ಅಷ್ಟು ಎಚ್ಚರಿಕೆ ಅವನದು. ಆಮೇಲೆ ಉದ್ದನೆಯ ಗಳಕ್ಕೆ ಡಬ್ಬಿ ಕಟ್ಟಿ ತಳವನ್ನು ಕೆರೆದ. ಮೇಲೆ ಬಂದದ್ದು ಅರ್ಧ ಡಬ್ಬಿ ರಾಗಿ. ಯಾವ ಕಾಲದ್ದೋ ಏನೋ, ನೀರು ತಾಗಿ ಹೆಂಟೆಗಟ್ಟಿ, ಬೂದಿ ಹಸಿರು ಬಣ್ಣಕ್ಕೆ ತಿರುಗಿತ್ತು. ಆದರೂ ರಾಗಿ. ಅವನು ಅದನ್ನು ಅಂಗೈಗೆ ಸುರಿದುಕೊಂಡು, ಎರಡು ಕೈಯಲ್ಲೂ ಉಜ್ಜಿ, ಉಫ್ ಎಂದು ಊದಿದ. ರಾಗಿ ಕೈಗೆ ಬಂದರೆ ಉಜ್ಜಿ ಊದದೆ ಇರುವ ಮನುಷ್ಯ ಆ ಸೀಮೆಯಲ್ಲೇ ಇಲ್ಲ. ಧೂಳು ಬಿಸಿಲಿನಲ್ಲಿ ಹೊಗೆಯ ಹಾಗೆ ಎದ್ದಿತು.

"ವಾಸನೆ ಬರ್ತಿಲ್ಲ ತಾತ."

"ಮೂತಿಬಟ್ಟೆ ಹಾಕ್ಕೊಂಡ್ರೆ ಎಲ್ಲಿ ಬತ್ತದೆ?" ಎಂದು ಮುನಿರಾಮಯ್ಯ ತಾನೇ ಅವಳ ಮಾಸ್ಕನ್ನು ಗಲ್ಲಕ್ಕೆ ಇಳಿಸಿ, ಅಂಗೈಯನ್ನು ಮೂಗಿನ ಹತ್ತಿರ ಹಿಡಿದ. ಅವಳು ಕಣ್ಣು ಮುಚ್ಚಿ ಜೋರಾಗಿ ಎಳೆದುಕೊಂಡಳು. ಆಮೇಲೆ ಹಗೇವಿನ ಬಾಯಿಗೆ ಮುಖ ಮಾಡಿ, "ಓ," ಎಂದು ಕೂಗಿದಳು. ಒಳಗಿನಿಂದ ಗುಡಾಣದ ಸದ್ದು ಮರಳಿ ಬಂತು. ಅವಳು ಅಷ್ಟು ನಕ್ಕಿದ್ದು ಕಾಯಿಲೆ ಬಂದ ಮೇಲೆ ಅದೇ ಮೊದಲು.

"ಅಮ್ಮಂಗೆ ಹೇಳ್ಬೇಡ ತಾತ. ಬಯ್ತಾಳೆ."

"ನಾನ್ಯಾಕೆ ಹೇಳ್ಲಿ."

ಮಧ್ಯಾಹ್ನದೊಳಗೆ ಚಪ್ಪಡಿ ಮೊದಲಿನ ಜಾಗದಲ್ಲಿತ್ತು. ಪ್ರಮೋದಾ ತಂದ ರಿಪೋರ್ಟಿನಲ್ಲಿ ಬಿಳಿ ಕಣ ತೀರ ಕೆಳಗಿಳಿದಿದ್ದವು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೇ ದಿನ ಜ್ವರ ಬಂತು.

ಇದನ್ನೆಲ್ಲ ಮುನಿರಾಮಯ್ಯ ಚಪ್ಪಡಿಯ ಮೇಲೆ ಕೂತು ಹಿಂದೆ ಮುಂದೆ ತಿರುವಿ ಹಾಕಿದ. ತಪ್ಪಿಸಿಕೊಳ್ಳುವ ದಾರಿಗಳನ್ನೂ ಹುಡುಕಿದ. ಹಗೇವಿಗೆ ಇಳಿದವರು ಕೆಟ್ಟ ಗಾಳಿಗೆ ಸತ್ತಿದ್ದುಂಟು, ಬೂಷ್ಟಿಗೆ ಯಾರು ಸತ್ತರು? ತಾನು ವರ್ಷಗಟ್ಟಲೆ ಆ ಧೂಳು ಕುಡಿದವನು, ಗುಂಡುಕಲ್ಲಿನ ಹಾಗೆ ಇಲ್ಲವೇ? ಹೇಳಿದರೆ ಸೊಸೆ ಬದುಕಿರುವವರೆಗೂ ತನ್ನ ಮುಖ ನೋಡಲಿಕ್ಕಿಲ್ಲ, ಮಗ ನೋಡಿದರೂ ಮೊದಲಿನ ಹಾಗೆ ನೋಡಲಿಕ್ಕಿಲ್ಲ. ಮಗುವಿನ ಹತ್ತಿರ ಬಿಡಲಿಕ್ಕಿಲ್ಲ. ಅದೊಂದೇ ಅವನಿಗೆ ತಡೆಯಲಾಗದ್ದು. ಅವಳೂ ಇಲ್ಲ, ಕಥೆಯೂ ಇಲ್ಲ ಎಂದಾದ ಮೇಲೆ ಈ ಅಂಗಳದಲ್ಲಿ ತಾನು ಯಾಕಿರಬೇಕು ಎಂದು ಅವನಿಗೆ ಅನ್ನಿಸಿತು.

ಒಳಗೆ ಫೋನು ಬಡಿದುಕೊಂಡಿತು. ನರ್ಸ್ ಮಮತ. "ತಾತ, ಅಂಬರೀಶಣ್ಣ ಹೊರಟ್ರಾ? ಮಗು ಹಗೇವಿನ ಮಾಮೂಲಿ ಆಟಾನೂ ಆಡ್ತಿಲ್ಲ. ಬೆಳಿಗ್ಗೆಯಿಂದ ಕರೀತಿದ್ದೀನಿ, ಓ ಅಂತಿಲ್ಲ. ನಿಮ್ಮ ದನಿ ಕೇಳಿದ್ರೆ ಅಂತಾಳೇನೋ, ಫೋನು ಕಿವೀಗಿಡ್ತೀನಿ, ಒಂದ್ಸಲ ಕರೀರಿ."

"ಮಿತ್ರವ್ವಾ," ಎಂದ ಮುನಿರಾಮಯ್ಯ.

ಆ ಕಡೆಯಿಂದ ಯಂತ್ರದ ಟಿಕ್ ಟಿಕ್ ಸದ್ದು ಕೇಳಿಸಿತು. ಉಸಿರಾಟ ಕೇಳಿಸಿತು, ಚಿಕ್ಕ ಚಿಕ್ಕ ಉಸಿರು.

"ಮಿತ್ರವ್ವಾ. ನಾನು ಕಣವ್ವಾ."

ಓ ಬರಲಿಲ್ಲ.

ಅವನು ಫೋನು ಕೆಳಗಿಟ್ಟವನೇ ಹಾರೆ ತಂದು ಚಪ್ಪಡಿ ಮೀಟಿದ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯುವಾಗ ಕಚ್ಚಿದ ಹಾವನ್ನೂ ಬುಟ್ಟಿಯಲ್ಲಿ ಹೊತ್ತೊಯ್ಯುವುದು ಅವನು ಕಂಡ ಪದ್ಧತಿ. ಯಾವ ಹಾವೆಂದು ಗೊತ್ತಾದರೆ ಡಾಕ್ಟರಿಗೆ ಔಷಧಿ ಗೊತ್ತಾಗುತ್ತದೆ. ಒಂದು ಹಿಡಿ ಬೂಷ್ಟು ರಾಗಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಬಿಗಿದು, ಇನ್ನೊಂದು ಕವರಿಗೆ ಹಾಕಿದ. ಗೇಟಿನವರೆಗೂ ಹೋದ. ಅಲ್ಲೇ ನಿಂತುಬಿಟ್ಟ. ಮತ್ತೆ ಅದೇ ಮಗುವಿನ ಹತ್ತಿರ ಮತ್ತೆ ಅದೇ ಧೂಳನ್ನು ಒಯ್ಯುತ್ತಿದ್ದೇನಲ್ಲ, ನನ್ನ ಬುದ್ಧಿಗೆ ಏನು ಬಡಿದಿದೆ ಎಂದುಕೊಂಡ. ವಾಪಸು ಬಂದು ಕವರನ್ನು ಹಗೇವಿನೊಳಗೇ ಎಸೆದು ಬಾಯಿ ಮುಚ್ಚಿದ. ತಲೆಯ ಮೇಲಿಂದ ಎರಡು ಸಲ ನೀರು ಸುರಿದುಕೊಂಡು, ಸೋಪು ಹಾಕಿ ಉಗುರು ಉಜ್ಜಿ, ಪೆಟ್ಟಿಗೆಯಲ್ಲಿದ್ದ ಒಗೆದ ಅಂಗಿ ಪಂಚೆ ಉಟ್ಟು ಬಸ್ಸು ಹಿಡಿದ.

ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಆಸ್ಪತ್ರೆ ತಲುಪುವ ಹೊತ್ತಿಗೆ ಒಂದು ಗಂಟೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದ. ಮಗು ಹಟ ಮಾಡಿದಳು ಎಂದು ಶುರು ಮಾಡಬಹುದು. ಗಾಳಿಗೆ ಧೂಳು ಹಾರಿತು ಎನ್ನಬಹುದು. ಮಕ್ಕಳ ವಾರ್ಡಿನ ಹೊರಗೆ ಉದ್ದನೆಯ ಗಾಜಿನ ಗೋಡೆ. ಅದರಾಚೆ ಮಿತ್ರಳ ಹಾಸಿಗೆ. ಗಾಜಿನ ಈಚೆ ಪ್ರಮೋದಾ ಡಾಕ್ಟರ ಜೊತೆ ನಿಂತಿದ್ದಳು. ನಾಲ್ಕು ದಿನದಲ್ಲಿ ಅವಳ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಡಾಕ್ಟರು ನಂದೀಶ್, ವಯಸ್ಸಿನ್ನೂ ನಲವತ್ತು ದಾಟಿರದ ಮನುಷ್ಯ.

"ಮಾವ, ನೀವ್ಯಾಕೆ ಬಂದ್ರಿ? ಅವರು ಈಗಷ್ಟೆ ಕ್ಯಾಂಟೀನಿಗೆ ಹೋದ್ರು," ಎಂದಳು ಪ್ರಮೋದಾ.

"ಡಾಕ್ಟ್ರೇ, ನಾನು ಹಗೇವು ತೆಗ್ದೆ," ಎಂದ ಮುನಿರಾಮಯ್ಯ. ಜೋಡಿಸಿದ ಮಾತೆಲ್ಲ ಎಲ್ಲಿ ಹೋಯಿತೋ.

"ಏನು ತೆಗೆದ್ರಿ?"

"ರಾಗಿ ಗುಂಡಿ. ನೆಲದೊಳಗಿಂದು. ಮೂವತ್ತು ವರ್ಷದಿಂದ ಮುಚ್ಚಿತ್ತು. ಹೋದ ಶನಿವಾರ ಅಲ್ಲ, ಅದರ ಹಿಂದಿನ ಶನಿವಾರ. ಬೂಷ್ಟು ಹಿಡಿದಿದ್ದ ರಾಗಿ ಎತ್ತಿ ಮಗು ಮುಂದೇನೇ ಊದಿದೆ. ವಾಸನೆ ನೋಡ್ಲಿ ಅಂತ." ಅವನು ಸೊಸೆಯ ಕಡೆ ತಿರುಗಲಿಲ್ಲ. "ಮಾಸ್ಕು ಅವಳು ಇಳಿಸ್ಲಿಲ್ಲ. ಇಳಿಸಿದ್ದು ನಾನೇ."

ಡಾಕ್ಟರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ಬಣ್ಣ ಹೇಗಿತ್ತು, ಎಷ್ಟು ಹತ್ತಿರ, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. "ಮಮತ, ಸಿ.ಟಿ. ನಾಳೆಗೆ ಬೇಡ, ಈಗಲೇ ಕೇಳಿ. ಫಂಗಸ್ ಔಷಧಿ ಈ ಮಧ್ಯಾಹ್ನವೇ ಶುರು ಮಾಡೋಣ, ರಿಪೋರ್ಟಿಗೆ ಕಾಯೋದು ಬೇಡ," ಎಂದರು. ಮತ್ತೆ ಮುದುಕನ ಕಡೆ ತಿರುಗಿ, "ನೋಡಿ ತಾತ, ಅಲ್ಲಿಂದಲೇ ಬಂತು ಅಂತ ಯಾರೂ ಖಂಡಿತವಾಗಿ ಹೇಳೋಕಾಗಲ್ಲ. ಬೂಷ್ಟಿನ ಕಣ ಗಾಳೀಲಿ ಎಲ್ಲಾ ಕಡೆ ಇರುತ್ತೆ. ನಿಮಗೆ ನಮಗೆ ಏನೂ ಮಾಡಲ್ಲ. ಅದನ್ನ ತಡೆಯೋ ಬಿಳಿ ಕಣ ಈ ಮಗುವಿಗೆ ಈಗ ಇಲ್ಲ, ಅಷ್ಟೇ. ನೀವು ಇವತ್ತು ಹೇಳಿದ್ದು ಒಳ್ಳೇದಾಯ್ತು. ನಮಗೆ ಒಂದು ದಿನ ಉಳೀತು. ಇಂಥದ್ರಲ್ಲಿ ಒಂದು ದಿನ ದೊಡ್ಡದು," ಎಂದರು.

ಡಾಕ್ಟರು ಒಳಗೆ ಹೋದರು. ಪ್ರಮೋದಾ ನಿಂತೇ ಇದ್ದಳು. ಬಯ್ಯಲಿ ಎಂದು ಮುನಿರಾಮಯ್ಯ ಕಾದ. ಬಯ್ದರೆ ಹಗುರಾಗುತ್ತಿತ್ತು.

"ಅವರು ಬೆಳಿಗ್ಗೆ ಬಂದು ಕೇಳಿದ್ರಲ್ಲ," ಎಂದಳು ಅವಳು ಕೊನೆಗೆ. "ಆಗ ಇಲ್ಲ ಅಂದ್ರಂತೆ."

"ಅಂದೆ."

"ಗುಂಡಿ ತೆಗೆದಿದ್ದು ತಿಳೀದೆ ಮಾಡಿದ್ದು. ಅದು ಬಿಡಿ. ಇದು ತಿಳಿದೂ ಮಾಡಿದ್ರಲ್ಲ ಮಾವ." ಅವಳ ದನಿ ಏರಲಿಲ್ಲ. "ಸ್ವಲ್ಪ ದಿನ ನನ್ನ ಕಣ್ಣಿಗೆ ಬೀಳ್ಬೇಡಿ."

ಅಷ್ಟೇ. ಅವಳು ಕೈಗೆ ಔಷಧಿ ನೀರು ಹಾಕಿ ಉಜ್ಜಿಕೊಂಡು ಒಳಗೆ ಹೋದಳು. ಮುನಿರಾಮಯ್ಯ ಗಾಜಿನ ಹತ್ತಿರ ಬಂದು ನಿಂತ. ಮಿತ್ರಳ ಹಳದಿ ಟೋಪಿ ದಿಂಬಿನ ಮೇಲೆ ಪಕ್ಕಕ್ಕೆ ಜಾರಿತ್ತು. ಕರೆಯಬೇಕೆಂದು ಬಾಯಿ ತೆಗೆದವನು ಸುಮ್ಮನಾದ. ಗಾಜು ದಪ್ಪ, ಕೇಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಬಸ್ ಸ್ಟಾಪಿನ ಕಡೆ ನಡೆದ.

ಸ್ಕ್ಯಾನಿನಲ್ಲಿ ಮಿತ್ರಳ ಎಡ ಶ್ವಾಸಕೋಶದೊಳಗೆ ನೆಲಗಡಲೆ ಗಾತ್ರದ ಎರಡು ಗಂಟುಗಳು ಕಂಡವು. ಔಷಧಿಯನ್ನು ರಕ್ತನಾಳಕ್ಕೆ ಹನಿ ಹನಿಯಾಗಿ ಬಿಟ್ಟರು. ಅದು ಹೋಗುವಾಗ ಮಗು ಚಳಿಯಿಂದ ಗಡಗಡ ನಡುಗುತ್ತಿದ್ದಳು. ಆರನೇ ದಿನ ಜ್ವರ ಇಳಿಯಿತು. ಕ್ಯಾನ್ಸರ್ ಔಷಧಿಯನ್ನು ಕೆಲವು ವಾರ ನಿಲ್ಲಿಸಬೇಕಾಯಿತು. ಅದು ಇನ್ನೊಂದು ಹೆದರಿಕೆ. ಈ ಸುದ್ದಿಗಳೆಲ್ಲ ಮುನಿರಾಮಯ್ಯನಿಗೆ ಅಂಬರೀಶನ ಬಾಯಿಂದ ತುಂಡು ತುಂಡಾಗಿ ಬರುತ್ತಿದ್ದವು. ಅಂಬರೀಶ ಕೂಗಾಡಲಿಲ್ಲ. ಮೇಸ್ತ್ರಿಯನ್ನು ಕರೆತಂದ ದಿನ ಮಾತ್ರ, "ನೀನೇ ನಿಂತು ಮುಚ್ಚಿಸಪ್ಪ," ಎಂದು ಹೇಳಿ ಕೆಲಸಕ್ಕೆ ಹೋದ.

ಮುನಿರಾಮಯ್ಯ ನಿಂತು ನೋಡಲಿಲ್ಲ, ಮೊದಲ ಮಂಕರಿ ಮಣ್ಣನ್ನು ತಾನೇ ಸುರಿದ. ಕೆರೆಯಂಚಿನಿಂದ ಬಂದ ನಾಲ್ಕು ಟ್ರ್ಯಾಕ್ಟರ್ ಮಣ್ಣು ಹಿಡಿಯಿತು ಹಗೇವು. ಎಷ್ಟು ಸುರಿದರೂ ತುಂಬುತ್ತಿಲ್ಲವಲ್ಲ ಎಂದು ಮೇಸ್ತ್ರಿ ಬೆರಗಾದ. "ಇಡೀ ಬೀದಿ ಉಂಡಿದೆ ಇದರಲ್ಲಿ," ಎಂದ ಮುನಿರಾಮಯ್ಯ. ಮೇಲೆ ಕಾಂಕ್ರೀಟು ಎಳೆದು, ಹಲಗೆ ಆಡಿಸಿ, ಗೋಣಿ ಹೊದಿಸಿ ಏಳು ದಿನ ನೀರುಣಿಸಿದ. ಚಪ್ಪಡಿಯನ್ನು ಬಚ್ಚಲ ಮುಂದೆ ಕಾಲು ತೊಳೆಯುವ ಕಲ್ಲಾಗಿ ಹಾಕಿಸಿದ.

ಐವತ್ತು ದಿನಕ್ಕೆ ಮಿತ್ರ ಮನೆಗೆ ಬಂದಳು. ಗಂಟುಗಳು ಅವರೆಕಾಳಿಗಿಂತ ಸಣ್ಣವಾಗಿದ್ದವು. ಮಾತ್ರೆ ಇನ್ನೂ ತಿಂಗಳುಗಟ್ಟಲೆ ನುಂಗಬೇಕಿತ್ತು. ಅವಳು ಬರುವ ಹಿಂದಿನ ದಿನ ಮುನಿರಾಮಯ್ಯ ತನ್ನ ಚಾಪೆ, ಕಂಬಳಿ, ತಟ್ಟೆ, ಚೊಂಬನ್ನು ಹಸುಗಳಿದ್ದ ಕೊಟ್ಟಿಗೆಗೆ ಸಾಗಿಸಿಕೊಂಡಿದ್ದ. ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಪ್ರಮೋದಾ ಹೊತ್ತು ಹೊತ್ತಿಗೆ ತಟ್ಟೆಗೆ ಮುದ್ದೆ ಸಾರು ಬಡಿಸಿ ಜಗುಲಿಯ ಮೇಲಿಟ್ಟು ಒಳಗೆ ಹೋಗುತ್ತಿದ್ದಳು. ಮುದ್ದೆ ಬಿಸಿಯಾಗಿಯೇ ಇರುತ್ತಿತ್ತು. ಮಾತು ಮಾತ್ರ ಇರಲಿಲ್ಲ.

ಮಿತ್ರಳಿಗೆ ಇದ್ಯಾವುದೂ ಲೆಕ್ಕಕ್ಕಿರಲಿಲ್ಲ. ಅವಳು ಒಳಕೋಣೆಯ ಕಿಟಕಿಯ ಜಾಲರಿಯ ಹಿಂದೆ ಕೂತು, "ತಾತಾ," ಎನ್ನುತ್ತಿದ್ದಳು. ಅಂಗಳದಾಚೆಯಿಂದ, "ಓ," ಎಂದು ಬರುತ್ತಿತ್ತು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ. ಅಷ್ಟೇ ಆಟ. ಕಥೆ ಕೇಳಿದರೆ ಮುದುಕ, ಆಮೇಲೆ ಕಣವ್ವಾ, ಎಂದು ಜಾರಿಕೊಳ್ಳುತ್ತಿದ್ದ.

ಅವತ್ತು ಸಂಜೆ ಪ್ರಮೋದಾ ಒಳಗೆ ರಾಗಿ ಹುರಿಯುತ್ತಿದ್ದಳು. ಮಗುವಿಗೆ ಹುರಿಹಿಟ್ಟು ಕೊಡಬಹುದು ಎಂದು ಡಾಕ್ಟರು ಒಪ್ಪಿದ್ದರು. ಬಾಣಲೆಯಲ್ಲಿ ರಾಗಿ ಚಟಪಟ ಸಿಡಿದು ಅದರ ಘಮ ಅಂಗಳಕ್ಕೂ ಬಂತು. ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತಿದ್ದ ಮುನಿರಾಮಯ್ಯ ಬಿಳಿ ಸಿಮೆಂಟಿನ ಅಂಗಳವನ್ನು ನೋಡುತ್ತಿದ್ದ. ಹಗೇವಿನ ಬಾಯಿ ಇದ್ದದ್ದು ಎಲ್ಲಿ ಎಂದು ಗುರುತು ಹತ್ತಲಿಲ್ಲ. ಇಲ್ಲಿರಬೇಕು, ಅಲ್ಲ, ಇನ್ನೂ ಈಚೆ. ಅಪ್ಪನ ಮುಖ, ಅನುಸೂಯಮ್ಮನ ಸುಲಿದ ಅಂಗೈ, ಎಲ್ಲವೂ ಒಟ್ಟೊಟ್ಟಿಗೆ ನೆನಪಾದವು.

"ತಾತಾ, ಅಜ್ಜಿ ಹಗ್ಗ ಎಳೆದಿದ್ದು ಹೇಳು," ಎಂದಳು ಮಿತ್ರ ಕಿಟಕಿಯಿಂದ.

ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ.

"ತಾತಾ."

ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಆದರೂ ದನಿ ಹೊರಡಲಿಲ್ಲ.

"ತಾತಾ." ಮೂರನೆಯ ಸಲ ಅವಳ ದನಿ ಸಣ್ಣದಾಗಿತ್ತು. "ಅಮ್ಮಾ, ತಾತ ಓ ಅಂತಿಲ್ಲ."

ಒಳಗೆ ಬಾಣಲೆ ಧಡ್ಡೆಂದು ಕೆಳಗಿಟ್ಟ ಸದ್ದಾಯಿತು. ಪ್ರಮೋದಾ ಚಪ್ಪಲಿಯೂ ಇಲ್ಲದೆ ಅಂಗಳ ದಾಟಿ ಓಡಿ ಬಂದಳು. ಕೈಯಲ್ಲಿ ಇನ್ನೂ ಸೌಟು ಇತ್ತು. ಹೊಸ್ತಿಲಲ್ಲಿ ಕೂತಿದ್ದ ಮುದುಕನನ್ನು ಕಂಡು ಗಕ್ಕನೆ ನಿಂತು, ಅವನ ಮುಖ ನೋಡಿದಳು. ಎರಡು ತಿಂಗಳಾಗಿತ್ತು ಅವಳು ಆ ಮುಖ ನೋಡಿ.

"ಮಗು ಕೂಗ್ತಿದ್ರೆ ಓ ಅನ್ನೋಕೇನು ಮಾವ," ಎಂದಳು. ಆಮೇಲೆ ಸೌಟಿನ ಕಡೆ ನೋಡುತ್ತ, "ಕೈಕಾಲು ತೊಳ್ಕೊಂಡು ಒಳಗೆ ಬನ್ನಿ. ನನಗೆ ಆ ಕಥೆ ಹೇಳೋಕೆ ಬರಲ್ಲ," ಎಂದು ತಿರುಗಿ ಹೋದಳು.

ಮುನಿರಾಮಯ್ಯ ಬಚ್ಚಲ ಮುಂದಿನ ಚಪ್ಪಡಿಯ ಮೇಲೆ ನಿಂತು ಕಾಲಿಗೆ ನೀರು ಹಾಕಿಕೊಂಡ. ಆಸ್ಪತ್ರೆಯಲ್ಲಿ ಮಮತ ಕಲಿಸಿದ ಹಾಗೆ ಬೆರಳ ಸಂದಿ, ಉಗುರು, ಮೊಣಕೈವರೆಗೂ ಸೋಪು ಹಾಕಿ ಉಜ್ಜಿದ. ತೊಳೆದ. ಸಾಲದೆಂದು ಇನ್ನೊಂದು ಸಲ ಉಜ್ಜಿದ.

"ತಾತಾ."

"ಓ," ಎಂದ ಅವನು, ಚೊಂಬನ್ನು ಮತ್ತೆ ತುಂಬುತ್ತ.